ಮಣ್ಣು ತುಳಿಯುವ ಕಾಲು

“ಗುರುಗಳೇ, ಬೇಕೆಂದು ಮಾಡದ ಕೇಡಿಗೆ ಮನುಷ್ಯ ಹೊಣೆಯಾಗುತ್ತಾನೆಯೇ?”

ಕೇಳಿದವನು ಸಿದ್ಧವೀರ. ಮಠದಲ್ಲಿ ಅವನ ಓದು ಮುಗಿದಿತ್ತು. ಇನ್ನು ಊರಿಗೆ ಹೋಗಿ, ತೀರಿಕೊಂಡ ತಂದೆಯ ಜಾಗದಲ್ಲಿ ಕುಳಿತು ನ್ಯಾಯ ಹೇಳಬೇಕಿತ್ತು. ಹೊರಡುವ ಮೊದಲು ಈ ಒಂದು ಸಂಶಯ ಬಗೆಹರಿಸಿಕೊಳ್ಳೋಣವೆಂದು ಬಂದಿದ್ದ.

“ನಿನಗೇನು ಅನ್ನಿಸುತ್ತದೆ?” ಎಂದರು ಗುರುಗಳು.

“ಮನಸ್ಸಿನಲ್ಲಿ ಕೆಟ್ಟದ್ದಿಲ್ಲದಿದ್ದರೆ ತಪ್ಪೂ ಇಲ್ಲ ಅನ್ನಿಸುತ್ತದೆ. ಆದರೆ ಖಾತ್ರಿಯಿಲ್ಲ.”

“ಖಾತ್ರಿಯಿಲ್ಲದಿರುವುದೇ ಒಳ್ಳೆಯದು. ಖಾತ್ರಿಯಿದ್ದ ಕೆಲವು ಹಿರಿಯರ ಕತೆ ಹೇಳುತ್ತೇನೆ, ಕುಳಿತುಕೋ” ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಊರವರು ಇದೊಂದನ್ನೇ ಹೇಳುತ್ತಾರೆ. ಅವನು ಹೊಸ ಮನೆ ಕಟ್ಟಿಸುತ್ತಿದ್ದ. ಗಾರೆಗೆಂದು ಬಾಗಿಲ ಮುಂದೆ, ದಾರಿಯ ಪಕ್ಕದಲ್ಲಿ ಗುಂಡಿ ತೋಡಿಸಿ, ಸುಟ್ಟ ಸುಣ್ಣದ ಕಲ್ಲು ತುಂಬಿಸಿ ನೀರು ಬಿಡಿಸಿದ. ಸುಣ್ಣದ ಗುಂಡಿಯನ್ನು ನೀನೂ ನೋಡಿರಬಹುದು. ನೀರು ಬಿದ್ದ ಕೂಡಲೇ ಕೊತಕೊತ ಕುದಿಯುತ್ತದೆ. ಮರುದಿನದ ಹೊತ್ತಿಗೆ ಮೇಲೆ ಕೆನೆಗಟ್ಟಿ, ಧೂಳು ಕುಳಿತು, ನೆಲದ ಹಾಗೆಯೇ ಕಾಣುತ್ತದೆ. ಒಳಗೆ ಮಾತ್ರ ಇನ್ನೂ ಬೇಯುತ್ತಿರುತ್ತದೆ. ಅದಕ್ಕೇ ಗಾರೆಯವರು ಗುಂಡಿ ಬರಿದಾಗುವ ತನಕ ಸುತ್ತಲೂ ಜಾಲಿಮುಳ್ಳು ಹಾಕಿರುತ್ತಾರೆ. ಎಲ್ಲ ಊರಿನಲ್ಲೂ ಇರುವ ಪದ್ಧತಿ. ಇದನ್ನು ಕಲಿಯಲು ಯಾರೂ ಮಠಕ್ಕೆ ಬರಬೇಕಿಲ್ಲ.

ಹೊಸ್ತಿಲು ಕೂರಿಸುವ ದಿನ ಬಂತು. ವರ್ತಕ ಬೆಳಿಗ್ಗೆಯೇ ಬಂದು ನೋಡಿದ. ಬಾಗಿಲ ಎದುರಿಗೇ ಮುಳ್ಳಿನ ರಾಶಿ.

“ಶುಭಕಾರ್ಯಕ್ಕೆ ಬಂದವರ ಕಣ್ಣಿಗೆ ಮುಳ್ಳು ಬೀಳಬಾರದು. ತೆಗಿ ಇದನ್ನ” ಎಂದ.

“ಸುಣ್ಣ ನಿನ್ನೆ ಸಂಜೆ ಹಾಕಿದ್ದು ಧಣಿ. ಇನ್ನೂ ಬಿಸಿ ಐತೆ” ಎಂದ ಗಾರೆಯವನು.

“ಒಂದು ಗಳಿಗೆ ಕಣಯ್ಯಾ. ಪೂಜೆ ಆದ ಮೇಲೆ ಮತ್ತೆ ಹಾಕುವೆಯಂತೆ.”

ಗಾರೆಯವನು ಮುಳ್ಳನ್ನು ಎಳೆದು ಹಿತ್ತಲಿಗೆ ಒಯ್ದ.

ಪೂಜೆಗೆ ಹೊಸ ಮಡಕೆಗಳು ಬೇಕೆಂದು ವರ್ತಕನೇ ಹೇಳಿ ಕಳಿಸಿದ್ದ. ಊರಿನ ಕುಂಬಾರ ಮಡಕೆಗಳನ್ನು ತಲೆಯ ಮೇಲೆ ಒಂದರ ಮೇಲೊಂದು ಪೇರಿಸಿಕೊಂಡು ಬಂದ. ಹಾಗೆ ಹೊತ್ತವನು ಕತ್ತು ಬಗ್ಗಿಸುವಂತಿಲ್ಲ, ನೇರ ನೋಡಿಕೊಂಡೇ ನಡೆಯಬೇಕು. ನೇರಕ್ಕೆ ಅವನಿಗೆ ಕಂಡದ್ದು ಮಾವಿನ ತೋರಣ. ಅದರ ಕಡೆಗೆ ನಡೆದ. ಎರಡು ಕಾಲೂ ಮೊಣಕಾಲಿನ ತನಕ ಸುಣ್ಣದೊಳಗೆ ಹೋದವು.

ಕೂಗು ಕೇಳಿ ಜನ ಓಡಿಬಂದು ಅವನನ್ನು ಎಳೆದು ಹಾಕಿದರು. ಗಾರೆಯವನು ಕೊಡಗಟ್ಟಲೆ ನೀರು ಸುರಿದ. ಅಲ್ಲಿ ಸೇರಿದ್ದ ದೊಡ್ಡವರು ಮೊದಲು ಕೇಳಿದ ಪ್ರಶ್ನೆ ಯಾವುದು ಗೊತ್ತೇ? ಶುಭದಿನದಲ್ಲಿ ಮಡಕೆ ಒಡೆದದ್ದು ಅಪಶಕುನವಲ್ಲವೇ ಎಂದು! ಪುರೋಹಿತ ಹೌದೆಂದ. ಕೂಡಲೇ ಶಾಂತಿ ಮಾಡಿಸಿದರು, ಮನೆಗೆ.

ಕುಂಬಾರನ ಜೀವ ಉಳಿಯಿತು. ಬಹಳ ದಿನಗಳ ಮೇಲೆ ಕಾಲು ಊರಲು ಬಂತು, ಆದರೆ ತುಳಿಯಲು ಬರಲಿಲ್ಲ. ಕುಂಬಾರನ ಕಸುಬು ಕೈಯಲ್ಲಿದೆ ಎಂದು ನೀನು ತಿಳಿದಿರುತ್ತೀ. ಅದು ಶುರುವಾಗುವುದೇ ಕಾಲಿನಲ್ಲಿ. ಕೆರೆಯಿಂದ ತಂದ ಮಣ್ಣನ್ನು ನೆನೆಹಾಕಿ, ತುಳಿದು ತುಳಿದು ಹದಕ್ಕೆ ತರಬೇಕು. ಅಂಗಾಲಿಗೆ ತಗುಲಿದ ಹರಳನ್ನೆಲ್ಲ ಆರಿಸಿ ಎಸೆಯಬೇಕು. ಅವನ ಅಂಗಳದಲ್ಲಿ ಇಡೀ ವರ್ಷಕ್ಕೆ ಬೇಕಾದ ಮಣ್ಣು ರಾಶಿ ಬಿದ್ದಿತ್ತು. ಮಳೆಗಾಲಕ್ಕೆ ಮೊದಲು ಅದನ್ನು ತುಳಿದು, ಮಡಕೆ ಮಾಡಿ, ಸುಟ್ಟು ಮುಗಿಸಬೇಕು. ಆಗದಿದ್ದರೆ ಆ ವರ್ಷದ ಅನ್ನ ಹೋಯಿತು. ಹೆಂಡತಿ ತುಂಬು ಬಸುರಿ, ಅವಳ ಕೈಲಿ ಆಗುವ ಕೆಲಸವಲ್ಲ. ನೆರೆಯವರು ಒಂದೆರಡು ಸಲ ಬಂದು ತುಳಿದುಕೊಟ್ಟರು. ಆಮೇಲೆ ಅವರವರ ಹೊಲ ಅವರನ್ನು ಕರೆಯಿತು.

ವರ್ತಕ ನಿಜವಾಗಿಯೂ ನೊಂದುಕೊಂಡ. ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ನನ್ನಿಂದ ಪಾಪವಾಯಿತು ಎಂದು ಹತ್ತು ಜನರ ಎದುರಿಗೆ ಅತ್ತ. ಕುಂಬಾರನ ಮನೆಗೆ ಹೋದನೇ ಎಂದು ಕೇಳು. ಹೋಗಲಿಲ್ಲ. ಆ ಕಾಲನ್ನು ನೋಡುವ ಧೈರ್ಯ ತನಗಿಲ್ಲ ಎಂದ. ಅದರ ಬದಲು ದೇವರ ಬೆಟ್ಟಕ್ಕೆ ಬರಿಗಾಲಲ್ಲಿ ಹೋಗಿಬರುವ ಹರಕೆ ಹೊತ್ತ. ಸುಡುವ ಬಿಸಿಲಿನಲ್ಲಿ ಹೋದ, ಬಂದ. ಬರುವಾಗ ಅಂಗಾಲೆಲ್ಲ ಬೊಬ್ಬೆ. ಜನ ಊರ ಬಾಗಿಲಲ್ಲೇ ಕಾದಿದ್ದು, ಅವನನ್ನು ಮಣೆಯ ಮೇಲೆ ಕೂರಿಸಿ ಕಾಲು ತೊಳೆದರು, ಅರಿಸಿನ ಹಚ್ಚಿದರು, ತೊಳೆದ ನೀರನ್ನು ಕಣ್ಣಿಗೆ ಒತ್ತಿಕೊಂಡರು. ಕೇಳುತ್ತಿದ್ದೀಯಾ, ಸಿದ್ಧವೀರ? ಬೆಂದ ಕಾಲಿನವರು ಆ ಊರಿನಲ್ಲಿ ಇಬ್ಬರಿದ್ದರು. ಜನ ಪೂಜೆ ಮಾಡಿದ್ದು ವರ್ತಕನ ಕಾಲಿಗೆ! ನೆನೆದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಕುಂಬಾರ ಕೋಲೂರಿಕೊಂಡು ಪಂಚಾಯಿತಿ ಕಟ್ಟೆಗೆ ಬಂದ.

“ನನ್ನ ಅಂಗಳದಾಗಿನ ಮಣ್ಣು ತುಳಿಯಾಕೆ ಕಾಲು ಬೇಕು ಸ್ವಾಮಿ” ಎಂದ. “ಧಣಿಯೇ ತುಳೀಲಿ, ಇಲ್ಲ ಆಳು ಕಳಿಸಿ ತುಳಿಸ್ಲಿ. ಮಳೆ ಬರೋದ್ರೊಳಗೆ ಆಗ್ಬೇಕು.”

“ಅವರಿಗೆ ನಿನ್ನ ಮೇಲೆ ಏನಾದರೂ ದ್ವೇಷವಿತ್ತೇ?” ಎಂದು ಹಿರಿಯರು ಕೇಳಿದರು. “ಬೇಕೆಂದೇ ನಿನ್ನನ್ನು ಬೀಳಿಸಿದರೇ?”

“ಇಲ್ಲ ಸ್ವಾಮಿ. ನಾನು ಅವ್ರಿಗೆ ಶಿಕ್ಷೆ ಕೊಡಿ ಅಂತ ಬಂದಿಲ್ಲ. ಮುಳ್ಳು ಇದ್ದಿದ್ರೆ ನಾನು ಬೀಳ್ತಿರಲಿಲ್ಲ. ತೆಗೆಸಿದ್ದು ಅವ್ರು. ತುಳಿಯೋ ಕಾಲು ಹೋಗಿದ್ದು ನಂದು. ಅಷ್ಟೇ ನಾನು ಹೇಳೋದು.”

ಅಷ್ಟೇ ಅವನ ವ್ಯಾಜ್ಯ. ಇದಕ್ಕಿಂತ ಸರಳವಾದ ವ್ಯಾಜ್ಯ ನಿನ್ನ ಕಟ್ಟೆಗೂ ಬರಲಾರದು. ಹಿರಿಯರು ಅದನ್ನು ಹೇಗೆ ಹಿಂಜಿದರು ನೋಡು. ಮುಳ್ಳಿಗೆ ಕೈ ಹಾಕಿದವನು ಗಾರೆಯವನು, ಅವನನ್ನು ಕೇಳಬೇಕು ಎಂದ ಒಬ್ಬ. ಗಾರೆಯವನು ತನ್ನ ಇಷ್ಟಕ್ಕೆ ತೆಗೆದನೇ? ಕಣ್ಣಿದ್ದವನು ನೆಲ ನೋಡಿಕೊಂಡು ನಡೆಯಬೇಕಿತ್ತು ಎಂದ ಇನ್ನೊಬ್ಬ. ತಲೆಯ ಮೇಲೆ ಹೊರೆ ಇತ್ತಲ್ಲ ಮಹಾರಾಯ, ಅದು ಯಾರ ಮನೆಗೆ ಹೊರಟ ಹೊರೆ? ಮತ್ತೊಬ್ಬನಂತೂ ಎಲ್ಲ ಅವನ ಹಣೆಬರಹ ಎಂದುಬಿಟ್ಟ. ಹಣೆಬರಹವಂತೆ! ಮುಳ್ಳು ತೆಗಿ ಎಂದದ್ದು ಬ್ರಹ್ಮನೇ?

ಕೊನೆಗೆ ಎಲ್ಲರಿಗಿಂತ ಹಿರಿಯನಾದವನು ಗಂಟಲು ಸರಿಮಾಡಿಕೊಂಡ. “ವರ್ತಕರು ಒಳ್ಳೆಯವರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೂ ಪ್ರಾಯಶ್ಚಿತ್ತ ಮಾಡಿಕೊಂಡಿದ್ದಾರೆ. ದೇವರೇ ಕ್ಷಮಿಸಿದವರನ್ನು ನಾವು ಮತ್ತೆ ದಂಡಿಸುವುದು ಧರ್ಮವಲ್ಲ” ಎಂದ. ಉಳಿದವರೆಲ್ಲ ತಲೆದೂಗಿದರು. ಏನು ಚೆಂದದ ಮಾತು! ಕಳೆದುಕೊಂಡವನು ಕುಂಬಾರ, ಕ್ಷಮಿಸಿದವನು ದೇವರು. ಒಂದು ಗುಡ್ಡೆ ಮಣ್ಣು ತುಳಿದುಕೊಡುವುದು ಅವರ ಕಣ್ಣಿಗೆ ದಂಡನೆಯಾಯಿತು. ಕುಂಬಾರ ಯಾವ ತಪ್ಪಿಗೆ ದಂಡ ತೆರುತ್ತಿದ್ದಾನೆ ಎಂದು ಅವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಆ ಕಟ್ಟೆಯ ಮೇಲೆ ಕೆಟ್ಟವರು ಯಾರೂ ಇರಲಿಲ್ಲ ಎಂಬುದೇ ನನ್ನ ಸಿಟ್ಟು. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಮಳೆ ಬಂತು. ಅಂಗಳದ ಮಣ್ಣು ಕರಗಿ ಕೊಚ್ಚಿಹೋಯಿತು. ಕುಂಬಾರ ಮಡಕೆ ತಿರುಗಿಸುವ ತನ್ನ ತಿಗರಿಯನ್ನು ಬೇರೆಯವರಿಗೆ ಕೊಟ್ಟು, ಹೆಂಡತಿಯನ್ನು ಕರೆದುಕೊಂಡು ಅವಳ ತವರಿಗೆ ಹೊರಟುಹೋದ. ವರ್ತಕನ ಮನೆಗೆ ಅದೇ ಗುಂಡಿಯ ಗಾರೆ ಬಳಿದರು. ಗೋಡೆ ಬಹಳ ನುಣುಪಾಗಿ ಬಂತೆಂದು ನೋಡಿದವರೆಲ್ಲ ಹೊಗಳಿದರು. ಗೃಹಪ್ರವೇಶಕ್ಕೆ ಬೇಕಾದ ಮಡಕೆಗಳನ್ನು ಪಕ್ಕದ ಊರಿನಿಂದ ತರಿಸಿದರು.

ಗುರುಗಳು ಕತೆ ನಿಲ್ಲಿಸಿದರು. ಸಿದ್ಧವೀರ ಕೈಮುಗಿದು ಕೇಳಿದ:

“ವರ್ತಕ ಪಶ್ಚಾತ್ತಾಪಪಟ್ಟದ್ದು ನಿಜ. ಹರಕೆ ತೀರಿಸಿದ್ದೂ ನಿಜ. ಹಾಗಾದರೆ ಗುರುಗಳೇ, ಅವನ ಪಾಪ ಕಳೆಯಿತೋ, ಇಲ್ಲವೋ?”

ಗುರುಗಳು ಅವನ ಮುಖವನ್ನೇ ನೋಡಿದರು.

“ಇಷ್ಟೆಲ್ಲ ಕೇಳಿದ ಮೇಲೂ, ಆ ಮಣ್ಣನ್ನು ಯಾರು ತುಳಿಯಬೇಕಿತ್ತು ಎಂದು ನೀನೂ ಕೇಳಲಿಲ್ಲವಲ್ಲ!”