ಲಗ್ನಪತ್ರಿಕೆಯ ತಾರೀಖು

ಮೊದಲ ಮಳೆ ನಿಂತ ಮಧ್ಯಾಹ್ನ ಹುತ್ತದ ರೆಕ್ಕೆಗೆದ್ದಲಿಗೆ ಮದುವೆ ಗೊತ್ತಾಯಿತು. ಮುಹೂರ್ತ ಅಂದೇ ಸಂಜೆ. ಅದು ತಪ್ಪಿದರೆ ರೆಕ್ಕೆ ಉದುರುತ್ತದೆ, ಆಮೇಲೆ ಮದುವೆಯ ಮಾತೇ ಇಲ್ಲ. ಆಮೆಯಜ್ಜ ಅಕ್ಷತೆ ಹಾಕಬೇಕು, ಕೋಗಿಲಕ್ಕ ಹಾಡಬೇಕು ಎಂದು ಅವಳಿಗೆ ಬಹಳ ಆಸೆ. ಆದರೆ ಪತ್ರಿಕೆಯಿಲ್ಲದೆ ಅವರು ಹೊರಡುವವರಲ್ಲ. ಒಂದು ತರಗೆಲೆಯ ಚೂರು ತಂದು ಇಬ್ಬರ ಮುಂದಿಟ್ಟು, “ನೀವೇ ಬರೆದುಕೊಡಿ” ಎಂದಳು.

“ಇಸವಿ ಮೊದಲು ಬರಬೇಕು. ಇಲ್ಲದಿದ್ದರೆ ಯಾವ ವರ್ಷದ ಮದುವೆಗೆ ಹೊರಡಲಿ?” ಎಂದಿತು ಆಮೆ.

“ನಿಮಗೇನಜ್ಜ, ಇಸವಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತೀರಿ. ತಿಂಗಳು ಮೊದಲಿರಲಿ. ತಿಂಗಳು ನೋಡಿಯೇ ನಾನು ಬಾಯಿ ತೆಗೆಯುವುದು,” ಎಂದಿತು ಕೋಗಿಲೆ.

“ಉಳಿದ ತಿಂಗಳು ಮುಚ್ಚಿಕೊಂಡಿರುತ್ತೀಯಲ್ಲ, ಈಗಲೂ ಹಾಗೇ ಇರಬಾರದೇ?”

“ಅಜ್ಜ, ‘ಇವತ್ತು’ ಎಂದು ಬರೆದರೆ ಸಾಲದೇ?” ಎಂದಳು ಮದುಮಗಳು.

“ಇವತ್ತು ಎನ್ನುವುದೂ ಒಂದು ತಾರೀಖೇ?” ಎಂದು ಇಬ್ಬರೂ ಒಟ್ಟಿಗೇ ಗದರಿದರು.

ಅವಳು ಇಳಿಯುತ್ತಿದ್ದ ಹೊತ್ತನ್ನು ನೋಡಿದಳು. ಎಲೆಯನ್ನು ಅಲ್ಲೇ ಬಿಟ್ಟು ಹಾರಿಹೋದಳು.

ಮರುದಿನ ಆಮೆ, ಕೋಗಿಲೆ ರಾಜಿಯಾಗಿ, ಸೊಗಸಾಗಿ ತಾರೀಖು ಬರೆದ ಎಲೆಯೊಡನೆ ಬಂದರು. ರೆಕ್ಕೆ ಕಳಚಿದ ಮದುಮಗಳು ಗಂಡನ ಜೊತೆ ಹೊಸ ಮನೆಗೆ ಮಣ್ಣು ತೋಡುತ್ತಿದ್ದಳು.

“ಒಂದು ತಪ್ಪೂ ಇಲ್ಲ, ನೋಡಮ್ಮ,” ಎಂದಿತು ಆಮೆ.

“ಚೆನ್ನಾಗಿದೆ ಅಜ್ಜ. ನಿನ್ನೆಯಿಂದ ನಾವಿಬ್ಬರೂ ಏನೂ ತಿಂದಿಲ್ಲ.”

ಗಂಡ ಎಲೆಯನ್ನು ತಿರುಗಿಸಿ ನೋಡಿದ. “ಯಾವ ಕಡೆಯಿಂದ ಶುರು ಮಾಡೋಣ?”

“ಯಾವ ಕಡೆಯಿಂದಾದರೂ ಸರಿ,” ಎಂದು ಅವಳು ಕಚ್ಚಿದಳು.