ಸುಣ್ಣಕ್ಕೆ ಹುಳಿ

"ಗುರುಗಳೇ, ಅಣ್ಣ ಸುಡುವಂಥ ಮಾತಾಡಿದ. ನಾನೂ ಅಷ್ಟೇ ಸುಡುವ ಮಾತನ್ನು ತಿರುಗಿ ಆಡಿದೆ. ಈಗ ಅವನೂ ಸುಮ್ಮನಿದ್ದಾನೆ, ನಾನೂ ಸುಮ್ಮನಿದ್ದೇನೆ. ಜಗಳ ಮುಗಿದ ಹಾಗೆಯೇ ಅಲ್ಲವೇ?" ಎಂದು ಶಿಷ್ಯ ಕೇಳಿದ. ಕೇಳುವಾಗ ಅವನ ಮುಖದಲ್ಲಿ ಗೆದ್ದವನ ಕಳೆ ಇತ್ತು.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕತೆ ಹೇಳಿದರು.

ಕಡಲ ದಂಡೆಯ ಊರಿನಲ್ಲಿ ಒಬ್ಬ ಸುಣ್ಣಗಾರನಿದ್ದ. ಚಿಪ್ಪು ಆರಿಸಿ ತಂದು ಗೂಡಿನಲ್ಲಿ ಸುಡುವುದು ಅವನ ಕೆಲಸ. ಸುಟ್ಟ ಚಿಪ್ಪಿಗೆ ನೀರು ಹೊಯ್ದು ಸುಣ್ಣ ಅರಳಿಸುವುದು ಹೆಂಡತಿಯ ಕೆಲಸ. ನೀರು ಬಿದ್ದೊಡನೆ ಚಿಪ್ಪು ಬುಸುಗುಟ್ಟಿ, ಕುದಿದು, ಬೆಳ್ಳಗೆ ಹುಡಿಯಾಗುತ್ತಿತ್ತು. ಇಪ್ಪತ್ತು ವರ್ಷ ಇದನ್ನೇ ನೋಡಿದವನ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತ್ತು: ಸುಣ್ಣವನ್ನು ಕೆರಳಿಸುವುದು ನೀರು, ಅಡಗಿಸುವುದು ಹುಳಿ.

ಅದು ಪೂರ್ತಿ ಸುಳ್ಳೂ ಅಲ್ಲ. ಸಂಜೆಯ ಹೊತ್ತಿಗೆ ಇಬ್ಬರ ಕೈಯೂ ಸುಣ್ಣಕ್ಕೆ ಬೆಂದಿರುತ್ತಿತ್ತು. ಹುಣಸೆಹಣ್ಣು ಕಿವುಚಿ ರಸ ಸವರಿಕೊಂಡರೆ ಉರಿ ಇಳಿಯುತ್ತಿತ್ತು. ಅವನಿಗೆ ಅಷ್ಟು ಸಾಲದು. ಅರಿಶಿನದಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಚೂರನ್ನು ಹೆಂಡತಿಯ ಒದ್ದೆ ಕೈಗೆ ಒತ್ತಿ ನೋಡುತ್ತಿದ್ದ. ಬಟ್ಟೆ ಕೆಂಪಾದರೆ ಸುಣ್ಣ ಇನ್ನೂ ಇದೆ; ಹಳದಿಯಾಗಿಯೇ ಉಳಿದರೆ ಹೋಗಿದೆ.

"ಉರಿಯುತ್ತಿದೆಯೇ ಎಂದು ನನ್ನನ್ನೇ ಕೇಳಿದರೆ ನಿಮ್ಮ ಬಾಯಿ ಸವೆಯುತ್ತದೆಯೇ?" ಎಂದು ಅವಳು ಛೇಡಿಸುತ್ತಿದ್ದಳು. ಬಾಯಿ ಸುಳ್ಳಾಡೀತು, ಬಟ್ಟೆ ಆಡುವುದಿಲ್ಲ ಎಂದು ಅವನು ನಗುತ್ತಿದ್ದ.

ಒಂದು ದಿನ ಅರಳುತ್ತಿದ್ದ ಚಿಪ್ಪು ಸಿಡಿಯಿತು. ಕುದಿಯುವ ಸುಣ್ಣ ಅವಳ ಎರಡೂ ಕಣ್ಣಿಗೆ ಹಾರಿತು. ಕಾಲ ಬಳಿಯೇ ಕೊಡ ತುಂಬ ನೀರಿತ್ತು. ಅವಳು ತಡವುತ್ತ ಕೊಡಕ್ಕೆ ಕೈ ಚಾಚಿದಳು. ಅವನು ಓಡಿ ಬಂದು ಆ ಕೈಯನ್ನು ಹಿಡಿದುಕೊಂಡ.

"ನೀರು ಬೇಡ ಮಾರಾಯ್ತಿ, ಕುದಿಯುತ್ತದೆ. ಒಂದು ಗಳಿಗೆ ತಡೆದುಕೋ."

ಅವಳು ತಡೆದುಕೊಂಡಳು. ಅವನು ಒಳಗೆ ಹೋಗಿ ಹುಣಸೆ ಕಿವುಚಿ ತಂದ. ರೆಪ್ಪೆ ಬಿಡಿಸಿ ಹಿಂಡಿದ. ಅವಳು ಚೀರಿದಳು. ಸುಣ್ಣ ಸಾಯುವಾಗ ಹಾಗೇ ಎಂದು ಸಮಾಧಾನ ಹೇಳಿ ಮತ್ತೆ ಹಿಂಡಿದ. ಕೊನೆಗೆ ಅವಳು ಚೀರುವುದನ್ನು ನಿಲ್ಲಿಸಿದಳು. ಅವನು ಅರಿಶಿನದ ಬಟ್ಟೆಯನ್ನು ಅವಳ ಕಣ್ಣೀರಿಗೆ ಒತ್ತಿದ. ಕೆಂಪಾಗಲಿಲ್ಲ. ಅವನಿಗೆ ಹೋದ ಜೀವ ಬಂದಂತಾಯಿತು.

"ಎಲ್ಲ ಹೋಯಿತು. ಹಳದಿಯೇ ಇದೆ, ನೋಡು" ಎಂದು ಬಟ್ಟೆಯನ್ನು ಅವಳ ಮುಖದ ಮುಂದೆ ಹಿಡಿದ.

"ಎಲ್ಲಿ?" ಎಂದಳು ಅವಳು.

ಆಮೇಲೆ ಗುರುಗಳು, ಆ ಊರಿನ ವೈದ್ಯ ಬಂದು ಹೇಳಿದ್ದನ್ನು ಹೇಳಿದರು. ಹುಳಿ ಸುಣ್ಣವನ್ನು ಕೊಂದದ್ದು ನಿಜ, ಸುಣ್ಣ ಹುಳಿಯನ್ನು ಕೊಂದದ್ದೂ ನಿಜ. ಆದರೆ ಹುಳಿ ಬರುವಷ್ಟರಲ್ಲಿ ಸುಣ್ಣ ಕಣ್ಣಿನ ಆಳಕ್ಕೆ ಇಳಿದಿತ್ತು. ಎರಡೂ ಸೇರಿದಾಗ ಹುಟ್ಟಿದ ಬಿಸಿಯನ್ನೂ ಕಣ್ಣೇ ತಾಳಬೇಕಾಯಿತು. ಒಂದು ತೊಟ್ಟು ನೀರಿಗೆ ಕುದಿಯುವ ಸುಣ್ಣ, ಕೊಡದ ಮೇಲೆ ಕೊಡ ಹೊಯ್ದಿದ್ದರೆ ಕೊಚ್ಚಿಕೊಂಡು ಹೋಗುತ್ತಿತ್ತು. ನೀರು ಯಾರನ್ನೂ ಸೋಲಿಸಲು ಬರುವುದಿಲ್ಲ.

ಸುಣ್ಣಗಾರ ಮತ್ತೆ ಗೂಡು ಹಚ್ಚಲಿಲ್ಲ.

ಶಿಷ್ಯ ನಿಟ್ಟುಸಿರಿಟ್ಟ. ಆ ಹೆಂಗಸಿನ ಪಾಡು ಕೇಳಿ ಅವನಿಗೆ ನಿಜಕ್ಕೂ ಸಂಕಟವಾಗಿತ್ತು.

"ಆದರೆ ಗುರುಗಳೇ, ನಮ್ಮ ಜಗಳ ಹಾಗಲ್ಲ. ಅಣ್ಣ ಅಂದ, ನಾನು ಅಂದೆ. ಸಮ ಸಮ ಆಯಿತು. ನಡುವೆ ಯಾರ ಕಣ್ಣೂ ಇರಲಿಲ್ಲ."

ಗುರುಗಳು ಕೇಳಿದರು: "ನೀವಿಬ್ಬರೂ ಆ ಮಾತುಗಳನ್ನು ಆಡುವಾಗ ನಿಮ್ಮ ತಾಯಿ ಎಲ್ಲಿ ಕೂತಿದ್ದರು?"