ಓಲೆಯಲ್ಲಿ ಇಲ್ಲದ ಮೂರು ಮಕ್ಕಳು

"ಸರ್, ನಲವತ್ತು ರೋಗಿಗಳಲ್ಲಿ ಆರು ಜನರನ್ನ ಬಿಟ್ಟು ಬರೆದ್ರೆ ಅದು ಸುಳ್ಳಾಗುತ್ತಾ?"

ಹೀಗೆ ಕೇಳಿದವಳು ನೀಲಾಂಬಿಕೆ. ಅವಳು ಆಯುರ್ವೇದ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕೇಳಿಸಿಕೊಂಡವರು ಅವಳ ಗುರುಗಳಾದ ಹಾಲಸ್ವಾಮಿಯವರು. ಅವರು ಕೆಲಸದಿಂದ ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಆದರೂ ಶಿಷ್ಯರು ಮನೆ ಹುಡುಕಿಕೊಂಡು ಬರುವುದು ನಿಂತಿರಲಿಲ್ಲ.

ನೀಲಾಂಬಿಕೆ ಮಂಡಿನೋವಿನ ಒಂದು ಕಷಾಯವನ್ನು ನಲವತ್ತು ಜನರಿಗೆ ಕೊಟ್ಟು ನೋಡಿದ್ದಳು. ಹೆಚ್ಚಿನವರಿಗೆ ನೋವು ಕಡಿಮೆಯಾಗಿತ್ತು. ಆರು ಜನರಿಗೆ ಹೊಟ್ಟೆಯಲ್ಲಿ ಉರಿ ಎದ್ದು ಕಷಾಯ ನಿಲ್ಲಿಸಬೇಕಾಯಿತು. ಎಲ್ಲವನ್ನೂ ಬರೆದು ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದಳು. ಲೇಖನ ಎರಡು ಸಲ ತಿರುಗಿ ಬಂತು. ಫಲಿತಾಂಶ ಸ್ಪಷ್ಟವಾಗಿಲ್ಲ ಎಂದು ಓದಿ ನೋಡಿದವರು ಬರೆದಿದ್ದರು. ಲೇಖನ ಅಚ್ಚಾಗದೆ ಪ್ರಬಂಧ ಸಲ್ಲಿಸುವಂತಿರಲಿಲ್ಲ. ಸಲ್ಲಿಸಲು ಉಳಿದದ್ದು ಎರಡು ತಿಂಗಳು. ಐದು ವರ್ಷದ ದುಡಿಮೆ ಆ ಎರಡು ತಿಂಗಳ ಮೇಲೆ ನಿಂತಿತ್ತು.

"ಆ ಆರೂ ಜನ ಮಧ್ಯದಲ್ಲೇ ಬಿಟ್ಟು ಹೋದವರು ಸರ್. ಅವರನ್ನ ಲೆಕ್ಕಕ್ಕೆ ತಗೊಳ್ಳದೇ ಇದ್ರೂ ನಡೆಯುತ್ತೆ ಅಂತಾರೆ. ಎಲ್ಲರೂ ಹಾಗೇ ಮಾಡ್ತಾರಂತೆ."



"ಒಬ್ಬ ವೈದ್ಯನ ಕತೆ ಹೇಳ್ತೀನಿ. ಕೇಳು," ಎಂದರು ಗುರುಗಳು.

ಒಂದು ರಾಜ್ಯದಲ್ಲಿ ಒಂದು ವೈದ್ಯಸಭೆ ಇತ್ತು. ನಾಡಿನ ಯಾವ ವೈದ್ಯನೇ ಆಗಲಿ, ಹೊಸ ಮದ್ದನ್ನು ಕಂಡುಕೊಂಡರೆ ಅದನ್ನು ಓಲೆಗರಿಯಲ್ಲಿ ಬರೆದು ಆ ಸಭೆಗೆ ಕಳಿಸಬೇಕು. ಸಭೆಯವರು ಬರೆದವನ ಹೆಸರನ್ನು ಮರೆಮಾಡಿ ಓಲೆಯನ್ನು ಇಬ್ಬರು ಹಿರಿಯರಿಗೆ ಓದಲು ಕೊಡುತ್ತಿದ್ದರು. ಹಿರಿಯರು ಒಪ್ಪಿದರೆ ಅದನ್ನು ನೂರು ಪ್ರತಿ ಮಾಡಿಸಿ ಊರೂರಿಗೆ ಕಳಿಸುತ್ತಿದ್ದರು. ಒಪ್ಪದಿದ್ದರೆ ಓಲೆ ಬಂದ ದಾರಿ ಹಿಡಿದು ಹಿಂದಕ್ಕೆ ಹೋಗುತ್ತಿತ್ತು. ಓಲೆ ಒಪ್ಪಿಗೆಯಾದ ವೈದ್ಯನಿಗೆ ಆಸ್ಥಾನದಲ್ಲಿ ಕೂರಲು ಜಾಗ. ಆಗದವನು ತನ್ನೂರಿನ ಜಗಲಿಯ ಮೇಲೆ ನಾಡಿ ಹಿಡಿದುಕೊಂಡು ಕೂರಬೇಕು.

ಅಲ್ಲಿ ಒಬ್ಬ ವೈದ್ಯನಿದ್ದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಕತೆ ಹೇಳುವುದು ಸುಲಭವಾಗುತ್ತಿತ್ತು. ಮಕ್ಕಳಿಗೆ ಬರುವ ಬಿಡದ ಜ್ವರಕ್ಕೆ ಅವನು ಒಂದು ಬೇರನ್ನು ಹುಡುಕಿದ್ದ. ಬೇರನ್ನು ಕುದಿಸಿ ಕಷಾಯ ಮಾಡಿ ಇಪ್ಪತ್ತಮೂರು ಮಕ್ಕಳಿಗೆ ಕೊಟ್ಟ. ಇಪ್ಪತ್ತು ಮಕ್ಕಳ ಜ್ವರ ಇಳಿಯಿತು. ಮೂರು ಮಕ್ಕಳಿಗೆ ಜ್ವರ ಏರಿ ಮೈ ಸೆಟೆದುಕೊಂಡಿತು. ಇಬ್ಬರು ಹೇಗೋ ಉಳಿದರು. ಒಂದು ಮಗು ಉಳಿಯಲಿಲ್ಲ.

ವೈದ್ಯ ಕಂಡದ್ದನ್ನು ಕಂಡ ಹಾಗೆ ಬರೆದು ಕಳಿಸಿದ. ಓಲೆ ತಿರುಗಿ ಬಂತು. ಈ ಮದ್ದು ಒಳ್ಳೆಯದೋ ಕೆಟ್ಟದ್ದೋ ತಿಳಿಯುವುದಿಲ್ಲ, ಖಚಿತವಾಗಿ ಬರೆಯಬೇಕು ಎಂದು ಹಿರಿಯರು ಗೀಚಿದ್ದರು. ಅವನು ಮಾತುಗಳನ್ನು ತಿದ್ದಿ, ನಾಲ್ಕು ಶ್ಲೋಕ ಸೇರಿಸಿ, ಮತ್ತೆ ಕಳಿಸಿದ. ಓಲೆ ಮತ್ತೆ ಬಂತು. ಶ್ಲೋಕ ಚೆನ್ನಾಗಿವೆ, ಮದ್ದಿನ ವಿಷಯ ಖಚಿತವಿಲ್ಲ ಎಂದಿತ್ತು. ಅಷ್ಟರಲ್ಲಿ ಅವನಿಗಿಂತ ಚಿಕ್ಕವನೊಬ್ಬ ನೆಗಡಿಯ ಮದ್ದು ಬರೆದು ಆಸ್ಥಾನ ಸೇರಿದ. ಇವನಿಗೆ ಅನ್ನ ಸೇರಲಿಲ್ಲ.

ಆಮೇಲೆ ಈ ಮಹಾಶಯ ಆ ಮೂರು ಮಕ್ಕಳ ಬಗ್ಗೆ ಯೋಚಿಸಲು ಕುಳಿತ. ಒಂದು ಮಗು ಮೊದಲೇ ಬಡಕಲಾಗಿತ್ತು. ಇನ್ನೊಂದನ್ನು ತಂದೆತಾಯಿ ತಡಮಾಡಿ ಕರೆತಂದಿದ್ದರು. ಮೂರನೆಯದರ ಅಜ್ಜಿ ತನ್ನದೇ ಏನೋ ನಾಟಿಮದ್ದು ನೆಕ್ಕಿಸಿದ್ದಳಂತೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಪ ಬೇಕಾದವನಿಗೆ ನೆಪಕ್ಕೇನು ಬರ? ಅವನು ಮೂರು ಮಕ್ಕಳಿಗೂ ಒಂದೊಂದು ನೆಪ ಹುಡುಕಿ ಮೂವರನ್ನೂ ಬದಿಗಿಟ್ಟ. ಮೂವರನ್ನೂ ಒಟ್ಟಿಗೆ ನಿಲ್ಲಿಸಿ ನೋಡಲಿಲ್ಲ.

ಮೂರನೆಯ ಸಲ ಅವನು ಬರೆದದ್ದು ಇಷ್ಟು: ಇಪ್ಪತ್ತು ಮಕ್ಕಳಿಗೆ ಈ ಕಷಾಯವನ್ನು ಕೊಟ್ಟೆನು, ಇಪ್ಪತ್ತು ಮಕ್ಕಳೂ ಗುಣವಾದರು.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಇಲ್ಲಿ ಗುರುಗಳು ಕತೆ ನಿಲ್ಲಿಸಿ ಶಿಷ್ಯೆಯ ಮುಖ ನೋಡಿದರು. ಅವಳು ಕಣ್ಣು ತಪ್ಪಿಸಿದಳು. ಅವರು ಮುಂದುವರಿಸಿದರು.

ಈ ಸಲ ಓಲೆ ತಡೆಯಿಲ್ಲದೆ ಒಪ್ಪಿಗೆಯಾಯಿತು. ನೂರು ಪ್ರತಿ ನಾಡಿಗೆಲ್ಲ ಹೋಯಿತು. ಬೇರೆ ವೈದ್ಯರು ತಮ್ಮ ಓಲೆಗಳಲ್ಲಿ ಈ ಓಲೆಯನ್ನು ಆಧಾರವಾಗಿ ತೋರಿಸಿದರು. ಅವರ ಓಲೆಯನ್ನು ಇನ್ನೊಬ್ಬರು ತೋರಿಸಿದರು. ಇಪ್ಪತ್ತಕ್ಕೆ ಇಪ್ಪತ್ತು ಎಂಬುದು ಪಾಠಶಾಲೆಯ ಮಕ್ಕಳ ಬಾಯಿಪಾಠವಾಯಿತು. ವೈದ್ಯನಿಗೆ ಆಸ್ಥಾನದಲ್ಲಿ ಜಾಗ ಸಿಕ್ಕಿತು. ತೀರಿಕೊಂಡ ಮಗುವಿನ ಮನೆ ಅವನ ಬೀದಿಯಲ್ಲೇ ಇತ್ತು. ಅವನು ಆಸ್ಥಾನಕ್ಕೆ ಬೇರೆ ಬೀದಿಯಿಂದ ಹೋಗುವುದನ್ನು ರೂಢಿ ಮಾಡಿಕೊಂಡ.

ಎರಡು ವರ್ಷದ ನಂತರ ಅವನ ಬಳಿಗೆ ಜ್ವರ ಬಂದ ಒಂದು ಮಗುವನ್ನು ತಂದರು. ಅವನು ಕಷಾಯ ಕೊಟ್ಟ. ಮಗುವಿನ ಮೈ ಸೆಟೆದುಕೊಂಡಿತು. ಇಡೀ ದಿನ ಒದ್ದಾಡಿ ಅದನ್ನು ಉಳಿಸಿಕೊಂಡ. ಮಗು ಏನು ತಿಂದಿತ್ತು ಎಂದು ತಾಯಿಯನ್ನು ಕೇಳಿದ. ಮೂರು ದಿನದಿಂದ ಏನೂ ತಿಂದಿಲ್ಲ ಎಂದಳು. ಆಗ ಅವನಿಗೆ ಆ ಮೂರು ಮಕ್ಕಳು ನೆನಪಾದರು. ಅವರೂ ಊಟ ಬಿಟ್ಟ ಮಕ್ಕಳೇ. ಬಡಕಲಾದದ್ದು ಅದಕ್ಕೆ, ತಡವಾಗಿ ಬಂದದ್ದೂ ಅಷ್ಟು ದಿನ ಉಪವಾಸವಿತ್ತು, ಅಜ್ಜಿ ಮದ್ದು ನೆಕ್ಕಿಸಿದ್ದೂ ಮಗು ಉಣ್ಣುತ್ತಿಲ್ಲವೆಂದೇ. ಉಂಡ ಮಗುವಿಗೆ ಮದ್ದಾಗುವ ಬೇರು ಬರಿ ಹೊಟ್ಟೆಗೆ ವಿಷವಾಗುತ್ತಿತ್ತು.

ಆ ಮೂವರು ಓಲೆಯಲ್ಲಿ ಇದ್ದಿದ್ದರೆ, ಓದಿದ ನೂರು ಜನರಲ್ಲಿ ಯಾರಾದರೊಬ್ಬರು ಇದನ್ನು ಅಂದೇ ಕಾಣುತ್ತಿದ್ದರು. ಅವನು ಬಿಟ್ಟು ಬರೆದದ್ದು ಮೂರು ಮಕ್ಕಳನ್ನಲ್ಲ, ಮದ್ದಿನ ಅರ್ಧ ಜ್ಞಾನವನ್ನು.

ವೈದ್ಯ ಸಭೆಗೆ ಮತ್ತೊಂದು ಓಲೆ ಬರೆದ. ಗಂಜಿ ಕುಡಿಸಿದ ಮೇಲೆ ಮದ್ದು ಕೊಡಬೇಕು ಎಂದಷ್ಟೇ ಬರೆದ. ಏಕೆ ಎಂದು ಬರೆಯಲಿಲ್ಲ. ಏಕೆ ಎಂದು ಬರೆದರೆ ಮೂವರ ಹೆಸರು ಬರೆಯಬೇಕಾಗುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು. ಸಭೆ ಆ ಓಲೆಯನ್ನು ತಿರುಗಿಸಿತು. ಇದರಲ್ಲಿ ಹೊಸದೇನೂ ಇಲ್ಲ ಎಂದು ಹಿರಿಯರು ಬರೆದಿದ್ದರು.

ಆಗ ಅವನು ತಾನೇ ಊರೂರಿಗೆ ಹೋಗಿ ನಿಜ ಹೇಳಿಬರುತ್ತೇನೆಂದು ಹೊರಟ. ಹೊರಡುವಾಗ ಅವನ ಮನಸ್ಸು ಗಟ್ಟಿಯಾಗಿಯೇ ಇತ್ತು. ಇಷ್ಟನ್ನು ಅವನ ಪರವಾಗಿ ಹೇಳಬೇಕು.

ಮೊದಲ ಊರಿನಲ್ಲಿ ಜನ ಬಾಗಿಲಿಗೇ ಬಂದು ಎದುರುಗೊಂಡರು. ಊರಿನ ನಡುವೆ ಕೂರಿಸಿ ಹಾರ ಹಾಕಿ ಶಾಲು ಹೊದಿಸಿದರು. ಮಹಾವೈದ್ಯರು ಎರಡು ಮಾತಾಡಬೇಕು ಎಂದರು. ಅವನು ಎದ್ದು ನಿಂತ. ಹೆಗಲ ಮೇಲೆ ಶಾಲು, ಎದುರಿಗೆ ಕೈಮುಗಿದ ಜನ. ಅವನು ವೈದ್ಯವೃತ್ತಿಯ ಹಿರಿಮೆಯ ಬಗ್ಗೆ ಮಾತಾಡಿ ಕುಳಿತ. ಹೊರಡುವಾಗ ಅಲ್ಲಿನ ವೈದ್ಯನ ಕಿವಿಯಲ್ಲಿ, ಗಂಜಿ ಕುಡಿಸಿ ಕೊಟ್ಟರೆ ಒಳ್ಳೆಯದು ಎಂದಷ್ಟೇ ಹೇಳಿದ. ಬಡಮಕ್ಕಳ ಹೊಟ್ಟೆಯ ಚಿಂತೆಯೂ ಇದೆಯಲ್ಲ ಈ ಪುಣ್ಯಾತ್ಮನಿಗೆ ಎಂದು ಆ ವೈದ್ಯ ತಲೆದೂಗಿದ. ಗಂಜಿಯ ಮಾತು ಅವನಿಗೆ ಕರುಣೆಯಾಗಿ ಕೇಳಿಸಿತು, ಎಚ್ಚರಿಕೆಯಾಗಿ ಕೇಳಿಸಲಿಲ್ಲ.

ಎರಡನೆಯ ಊರಿನಲ್ಲೂ ಹಾಗೇ ಆಯಿತು. ಮೂರನೆಯದರಲ್ಲೂ. ಒಂದು ಊರಿನಲ್ಲಿ ಯಾರೋ ಮುದುಕ, ಈ ಮದ್ದು ಯಾರಿಗೂ ತಪ್ಪಿದ್ದಿಲ್ಲವೇ ಎಂದು ಸುಮ್ಮನೆ ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ವೈದ್ಯನೂ ಶಾಲು ಸರಿಮಾಡಿಕೊಂಡು ನಕ್ಕ. ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೊರಟವನು ಹನ್ನೊಂದು ಊರು ದಾಟುವಾಗ ಹನ್ನೊಂದು ಶಾಲು ಗಂಟು ಕಟ್ಟಿಕೊಂಡಿದ್ದ. ತನ್ನ ಬಗ್ಗೆ ತನಗೇ ಹೇಸಿಗೆಯಾಗುತ್ತಿತ್ತು. ಆದರೆ ಹೇಸಿಗೆಗೆ ಬಾಯಿ ಬರಲಿಲ್ಲ.

ಹನ್ನೆರಡನೆಯದು ಒಂದು ಪುಟ್ಟ ಹಳ್ಳಿ. ಅಲ್ಲಿ ವೈದ್ಯನೂ ಇರಲಿಲ್ಲ, ಓಲೆ ಓದಬಲ್ಲವರೂ ಇರಲಿಲ್ಲ. ಎದುರುಗೊಳ್ಳಲು ಯಾರೂ ಬರಲಿಲ್ಲ. ಒಬ್ಬ ಹೆಂಗಸು ಜಗಲಿಯ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನು ಕುಡಿಯಲು ನೀರು ಕೇಳಿದ. ತಾನು ಯಾರೆಂದು ಹೇಳಿದ. ಹೆಂಗಸು ಮೊರ ಕೆಳಗಿಟ್ಟು ಎದ್ದು ನಿಂತಳು.

"ನಿಮ್ಮನ್ನ ಒಂದು ಮಾತು ಕೇಳಬೇಕು ಅಂತ ಒಂದು ವರ್ಷದಿಂದ ಕಾಯ್ತಿದ್ದೀನಿ ಸ್ವಾಮಿ," ಎಂದಳು. "ನನ್ನ ಮಗೂಗೆ ಜ್ವರ ಬಂದಿತ್ತು. ಪಕ್ಕದೂರಿನವರು ನಿಮ್ಮ ಓಲೇಲಿ ಇರೋದನ್ನ ಹೇಳಿಕೊಟ್ರು. ಹಾಗೇ ಮಾಡಿ ಕುಡಿಸಿದೆ. ಮಗು ನನ್ನ ತೊಡೆ ಮೇಲೇ ಹೋಯ್ತು. ಕೈಯಾರೆ ಕೊಂದೆ ಅಂತ ನಮ್ಮತ್ತೆ ದಿನಾ ಅಂತಾರೆ. ನಿಮ್ಮ ಓಲೇಲಿ ತಪ್ಪಿರೋಕೆ ಸಾಧ್ಯ ಇಲ್ಲ. ಇಪ್ಪತ್ತಕ್ಕೆ ಇಪ್ಪತ್ತು ಮಕ್ಕಳು ಉಳಿದವಂತಲ್ಲ. ಹಾಗಾದ್ರೆ ನನ್ನ ಕೈಯಲ್ಲೇ ಎಲ್ಲೋ ತಪ್ಪಾಗಿದೆ. ಎಲ್ಲಿ ಅಂತ ಹೇಳಿ ಸ್ವಾಮಿ."

"ಮಗು ಏನಾದರೂ ತಿಂದಿತ್ತೇ?" ಎಂದು ವೈದ್ಯ ಕೇಳಿದ.

"ಎರಡು ದಿನದಿಂದ ಏನೂ ಮುಟ್ಟಿರಲಿಲ್ಲ. ತಿನ್ನಿಸಿ ಕೊಡಬೇಕು ಅಂತ ಅವರು ಹೇಳಲಿಲ್ಲ. ಓಲೇಲಿ ಇರಲಿಲ್ಲವಂತೆ."

ಆಗ ಅವನ ಹೆಗಲ ಮೇಲೆ ಶಾಲು ಇರಲಿಲ್ಲ. ಎದುರಿಗೆ ಸಭೆ ಇರಲಿಲ್ಲ. ಕೇಳಿಸಿಕೊಳ್ಳಲು ಅವಳೊಬ್ಬಳೇ. ತಪ್ಪು ನಿನ್ನದಲ್ಲ ತಾಯಿ, ನನ್ನದು ಎಂದರೆ ಸಾಕಿತ್ತು. ಅಷ್ಟು ಹೇಳಿದ್ದರೆ ಅವಳು ಅತ್ತೆಯ ಎದುರು ತಲೆಯೆತ್ತಿ ನಿಲ್ಲುತ್ತಿದ್ದಳು. ವೈದ್ಯ ನೀರಿನ ಚೆಂಬನ್ನು ಕೆಳಗಿಟ್ಟ.

"ಬಹುಶಃ ಕಷಾಯ ಸರಿಯಾಗಿ ಕುದಿದಿರಲಿಲ್ಲ," ಎಂದ.

ಅವಳು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡಳು.

"ಇರಬೇಕು ಸ್ವಾಮಿ. ಆವತ್ತು ಸೌದೆ ಹಸಿ ಇತ್ತು," ಎಂದಳು. ಆಮೇಲೆ ಬಗ್ಗಿ ಅವನ ಕಾಲು ಮುಟ್ಟಿದಳು. "ಎಲ್ಲಿ ತಪ್ಪಿದೆ ಅಂತ ಗೊತ್ತಿಲ್ಲದೇ ಒದ್ದಾಡ್ತಿದ್ದೆ. ಈಗ ಗೊತ್ತಾಯ್ತು. ಇನ್ಮೇಲೆ ಯಾರು ಈ ಮದ್ದು ಕೇಳಿದ್ರೂ, ಚೆನ್ನಾಗಿ ಕುದಿಸಿ ಕೊಡಿ ಅಂತ ಹೇಳ್ತೀನಿ."

ವೈದ್ಯ ಹದಿಮೂರನೆಯ ಊರಿಗೆ ಹೋಗಲಿಲ್ಲ. ಅಲ್ಲಿಂದಲೇ ತಿರುಗಿ ಮನೆಗೆ ಬಂದ. ಆಸ್ಥಾನದಲ್ಲಿ ಅವನ ಜಾಗ ಹಾಗೇ ಇತ್ತು. ಅವನು ಅದರಲ್ಲಿ ಕುಳಿತ. ಆಮೇಲೆ ಬಹಳ ಜನಕ್ಕೆ ಪಾಠ ಹೇಳಿದ. ಒಳ್ಳೆಯ ಗುರು ಎಂದು ಹೆಸರನ್ನೂ ಪಡೆದ. ಜನ ನಮಸ್ಕಾರ ಮಾಡಲು ಬಗ್ಗಿದಾಗಲೆಲ್ಲ ಅವನು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಎಷ್ಟು ವಿನಯ ಎಂದು ಜನ ಹೊಗಳುತ್ತಿದ್ದರು. ಅದು ವಿನಯವಾಗಿರಲಿಲ್ಲ, ನಾಚಿಕೆಯಾಗಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನೀಲಾಂಬಿಕೆ ಇನ್ನೂ ಏನೋ ಇದೆ ಎಂದು ಕಾದಳು. ಇರಲಿಲ್ಲ. ಅವಳ ಮುಖದಲ್ಲಿ ಸಿಟ್ಟು ಕಾಣಿಸಿತು. ತನ್ನ ಆರು ರೋಗಿಗಳನ್ನು ಅವಳು ಆ ಹೊತ್ತಿಗೆ ಮರೆತಿದ್ದಳು.

"ಅಷ್ಟೇನಾ ಸರ್? ಅವನು ಮತ್ತೆ ಹೋಗಿ ಆ ಹೆಂಗಸಿಗೆ ನಿಜ ಹೇಳಲಿಲ್ವಾ? ಅಂಥವನನ್ನ ವೈದ್ಯ ಅಂತ ಕರೀಬಾರದು. ಗುರು ಅಂತಲೂ ಕರೀಬಾರದು."

"ಕರೀಬಾರದು," ಎಂದು ಹಾಲಸ್ವಾಮಿಯವರು ಒಪ್ಪಿಕೊಂಡರು. ಅವರು ಶಿಷ್ಯೆಯ ಕಡೆ ನೋಡಲಿಲ್ಲ.

"ಅವಳಿಗೆ ನಿಜ ಹೇಳೋ ಧೈರ್ಯ ನನಗೆ ಇದ್ದಿದ್ರೆ, ನೀಲಾ, ಇವತ್ತು ನಿನಗೆ ಕತೆ ಹೇಳ್ತಾ ಕೂತಿರ್ತಿರಲಿಲ್ಲ."